ನೋಡಿದ್ದು, ಪರೀಕ್ಷಿಸಿದ್ದು

ಜನವರಿ 11

ಪ್ರೀತಿಯ ಅಣ್ಣನಿಗೆ,

ನಿನ್ನ ಪತ್ರವೂ ಅದರೊಳಗೆ ಮಡಿಚಿಟ್ಟಿದ್ದ ಪೆನ್ಸಿಲ್ ಹಾಳೆಯೂ ನಿನ್ನೆ ಕೈಸೇರಿದವು. ಮೊದಲು ಪತ್ರದ ಮಾತು. ಒಂದೂವರೆ ಪುಟದಲ್ಲಿ ಹನ್ನೊಂದು ಮಹಾಪ್ರಾಣಗಳನ್ನು ಕೊಂದಿದ್ದೀಯ. ಬೇರೆ ಯಾರಾದರೂ ಆಗಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಕ್ಕೆ ಕಳಿಸುತ್ತಿದ್ದೆ.

ಇನ್ನು ಹಾಳೆ. ಆಸ್ಪತ್ರೆಯ ಲಿಫ್ಟಿನ ತಿಂಗಳ ವರದಿಯನ್ನು ಮೆಕ್ಯಾನಿಕ್ಕನೇ ಇಂಗ್ಲಿಷಿನಲ್ಲಿ ಬರೆಯಬೇಕೆಂಬುದು ನಿಮ್ಮ ಕಂಪನಿಯ ನಿಯಮ; ನೀನು ಬರೆದ ಡಿಸೆಂಬರಿನ ವರದಿಯನ್ನು ಹೊಸ ಮೇಲ್ವಿಚಾರಕರು ‘ಇದೇನು ಗಿಳಿಪಾಠ’ ಎಂದು ಮುಖಕ್ಕೆ ಎಸೆದಿದ್ದಾರೆ. ನಿನಗೆ ನೋವಾಗಿದೆ, ಒಪ್ಪುತ್ತೇನೆ. ಆದರೆ ಅವರು ಹೇಳಿದ್ದು ಸುಳ್ಳಲ್ಲ. ಏಳು ಸಾಲು, ಏಳು ಬಾರಿ ‘ಚೆಕ್ಡ್’. ರೋಪ್ ಚೆಕ್ಡ್, ಡೋರ್ ಚೆಕ್ಡ್, ಮೋಟಾರ್ ಚೆಕ್ಡ್. ಒಂದೇ ಪುಟದಲ್ಲಿ ಒಂದೇ ಪದವನ್ನು ಮೂರನೆಯ ಸಲ ಬಳಸುವವನಿಗೆ ಬೇರೆ ಪದ ಗೊತ್ತಿಲ್ಲವೆಂದೇ ಅರ್ಥ ಎಂದು ನಮ್ಮ ಇಂಗ್ಲಿಷ್ ವಿಭಾಗದ ಮೇಡಂ ಹೇಳುತ್ತಾರೆ. ಅದಕ್ಕಾಗಿ ಕೆಲವು ಸಾಲುಗಳಲ್ಲಿ ‘ಟೆಸ್ಟೆಡ್’ ಎಂದೂ ಒಂದೆರಡರಲ್ಲಿ ‘ಎಗ್ಸಾಮಿನ್ಡ್’ ಎಂದೂ ಬದಲಿಸಿದ್ದೇನೆ. ಈಗ ಓದುವಾಗ ಒಂದು ಲಯ ಬರುತ್ತದೆ.

ಕೊನೆಯ ಸಾಲಿನಲ್ಲಿ ನೀನು ಬರೆದಿದ್ದ ‘ಸೇಫ್ಟಿ ಬ್ರೇಕ್ ಚೆಕ್ಡ್ ಓನ್ಲಿ. ಟೆಸ್ಟ್ ನೋ. ಲಿಫ್ಟ್ ನಾಟ್ ಗಿವನ್’ ಎಂಬುದನ್ನು ಪೂರ್ತಿ ತೆಗೆದು ಅಲ್ಲಿ ಒಂದು ಚೊಕ್ಕ ಸಾಲು ಹಾಕಿದ್ದೇನೆ. ಅದು ವಾಕ್ಯವೂ ಅಲ್ಲ, ವರದಿಯೂ ಅಲ್ಲ; ದೂರು. ಶುದ್ಧ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ, ಅದನ್ನೇ ಪ್ರತಿ ತಿಂಗಳೂ ನಕಲು ಮಾಡು. ನಿನ್ನ ಪೆನ್ಸಿಲ್ ಹಾಳೆ ನನ್ನ ಬಳಿಯೇ ಇರಲಿ.

ಅಮ್ಮನಿಗೆ ನಮಸ್ಕಾರ.

ನಿನ್ನ ತಂಗಿ

•

ಜನವರಿ 19

ಪಂಡಿತಮ್ಮನಿಗೆ ಅಣ್ಣನ ಆಶೀರ್ವಾದ.

ಮಹಾಪ್ರಾಣ ಕೊಂದಿದ್ದು ತಪ್ಪಾಯ್ತು, ತಾಯಿ. ನಿನ್ನ ಹಾಳೆ ಬಂತು. ಅಮ್ಮನಿಗೆ ಇಂಗ್ಲಿಷ್ ಒಂದಕ್ಷರ ಬರದಿದ್ರೂ ಕಣ್ಣಿಗೆ ಒತ್ತಿಕೊಂಡು, “ಮುತ್ತು ಪೋಣಿಸಿದ ಹಾಗಿದೆ ನೋಡೋ, ನೀನೂ ಇದ್ದೀಯ, ಕಾಗೆ ಕಾಲು ಗುಬ್ಬಿ ಕಾಲು” ಅಂದಳು.

ಒಂದು ಅನುಮಾನ. ಏಳನೇ ಸಾಲಲ್ಲಿ ಸೇಫ್ಟಿ ಬ್ರೇಕ್ ‘ಟೆಸ್ಟೆಡ್’ ಅಂತ ಹಾಕಿದ್ದೀಯ. ಮೇಲಿನ ರೋಪ್ ಕಿತ್ತರೆ ಪೆಟ್ಟಿಗೆ ಬೀಳದ ಹಾಗೆ ಎರಡೂ ಕಡೆ ಹಳಿಯನ್ನ ಕಚ್ಚಿ ಹಿಡಿಯೋದು ಆ ಬ್ರೇಕು. ನಾನು ತಿಂಗಳಿಗೊಮ್ಮೆ ಕೆಳಗಿನ ಹಳ್ಳಕ್ಕೆ ಇಳಿದು ಟಾರ್ಚ್ ಬಿಟ್ಟು ನೋಡ್ತೀನಿ. ನೋಡ್ತೀನಿ ಅಷ್ಟೆ. ಟೆಸ್ಟ್ ಅಂದ್ರೆ ಲಿಫ್ಟ್ ನಿಲ್ಲಿಸಿ, ಒಳಗೆ ಮರಳು ಚೀಲ ತುಂಬಿ, ಬೀಳೋ ಹಾಗೆ ಬಿಟ್ಟು, ಕಚ್ಚುತ್ತೋ ಇಲ್ವೋ ಅಂತ ಖಾತ್ರಿ ಮಾಡ್ಕೋಬೇಕು. ಅದಕ್ಕೆ ಲಿಫ್ಟ್ ಬಿಟ್ಟುಕೊಡಬೇಕಲ್ಲ. ಮೇಲ್ವಿಚಾರಕರನ್ನ ಕೇಳಿದೆ. ಅವರು ಹಲ್ಲಿನ ಸಂದಿಯಿಂದ ಶಿಳ್ಳೆ ಹೊಡೆದ ಹಾಗೆ ಮಾತಾಡ್ತಾರೆ, ನಾವೆಲ್ಲ ಸೀಟಿ ಅಂತೀವಿ. “ಲಿಫ್ಟ್ ನಿಲ್ಲಿಸಿದ್ರೆ ರೋಗಿಗಳನ್ನ ನೀನು ಉಪ್ಪಿನ ಮೂಟೆ ಹೊರ್ತೀಯೇನಯ್ಯಾ?” ಅಂದ್ರು. ಆಸ್ಪತ್ರೆಯವರು ಬಿಡೋದಿಲ್ವಂತೆ.

ಪಕ್ಕದಲ್ಲಿ ಇಸ್ತ್ರಿಯಕ್ಕ ಇದ್ದಳು. ವಾರ್ಡಿನ ಹಾಸಿಗೆ ಬಟ್ಟೆ ಎಲ್ಲ ತಳ್ಳುಗಾಡಿಯಲ್ಲಿ ತುಂಬ್ಕೊಂಡು ದಿನಕ್ಕೆ ಇಪ್ಪತ್ತು ಸಲ ಮೇಲೆ ಕೆಳಗೆ ಓಡಾಡೋಳು. “ಮರಳು ಚೀಲ ಯಾಕೋ ಲಿಫ್ಟಪ್ಪ, ನನ್ನನ್ನೇ ಕೂರಿಸು. ಹತ್ತು ಚೀಲಕ್ಕೆ ಒಬ್ಬಳೇ ಸಾಕು” ಅಂದಳು. ಸೀಟಿಯವರಿಗೂ ನಗು ಬಂತು.

ಅದಿರಲಿ. ನೀನು ಹೇಳು, ಆ ಎರಡು ಪದ ಒಂದೇನಾ? ಒಂದೇ ಆದ್ರೆ ಹಾಗೇ ಬರೀತೀನಿ.

ಅಣ್ಣ

•

ಜನವರಿ 27

ಪ್ರೀತಿಯ ಅಣ್ಣನಿಗೆ,

ಪರೀಕ್ಷೆಯ ತಯಾರಿಯ ನಡುವೆ ಬರೆಯುತ್ತಿದ್ದೇನೆ, ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ.

‘ಚೆಕ್’ ಮತ್ತು ‘ಟೆಸ್ಟ್’ ಒಂದೇ ಅಲ್ಲ. ಯಾವ ಎರಡು ಪದಗಳೂ ಸಂಪೂರ್ಣವಾಗಿ ಒಂದೇ ಅಲ್ಲ. ಆದರೆ ಅವು ಒಂದೇ ಬೀದಿಯ ಅಕ್ಕಪಕ್ಕದ ಮನೆಗಳು. ಕಣ್ಣನ್ನು ವೈದ್ಯರು ಟೆಸ್ಟ್ ಮಾಡಿದರು ಎಂದರೂ ಆಯಿತು, ಚೆಕ್ ಮಾಡಿದರು ಎಂದರೂ ಆಯಿತು. ನಿಘಂಟಿನಲ್ಲಿ ಒಂದರ ಅರ್ಥವನ್ನು ಇನ್ನೊಂದರಿಂದಲೇ ವಿವರಿಸಿರುತ್ತಾರೆ. ಅವುಗಳ ನಡುವಿನ ಗೆರೆಯನ್ನು ಎಳೆಯಬಲ್ಲವರು ಬಹಳ ಇಲ್ಲ. ನಾನು ಎಳೆಯಬಲ್ಲೆ, ಆದರೆ ಅದಕ್ಕೆ ನಾಲ್ಕು ಪುಟ ಬೇಕು, ಮತ್ತು ನಿನ್ನ ಹಾಳೆಗೆ ಅಷ್ಟು ಸೂಕ್ಷ್ಮ ಬೇಡ. ಲಿಫ್ಟಿನ ವರದಿಯನ್ನು ಯಾರು ಪದ ಬಿಡಿಸಿ ಓದುತ್ತಾರೆ? ಹಾಗೆಯೇ ಬರೆ.

ತಂಗಿ

•

ಫೆಬ್ರವರಿ 20

ಪಂಡಿತಮ್ಮ,

ಹಾಳೆ ಪಾಸಾಯ್ತು! ಸೀಟಿಯವರು ಎರಡು ಸಲ ಓದಿದರು. “ಯಾರು ಬರೆದುಕೊಟ್ಟಿದ್ದಯ್ಯಾ?” ಅಂತ ಕೇಳಿದರು. ನಾನೇ ಅಂದೆ. ನಂಬಲಿಲ್ಲ ಅನ್ನಿಸುತ್ತೆ, ಆದ್ರೂ ಎಲ್ಲರ ಎದುರಿಗೆ, “ನೋಡಿ ಕಲೀರಿ, ಹೀಗೆ ಬರೀಬೇಕು” ಅಂದ್ರು. ಹನ್ನೆರಡು ವರ್ಷದಲ್ಲಿ ಇದೇ ಮೊದಲು. ಇಸ್ತ್ರಿಯಕ್ಕ, “ಇನ್ಮೇಲೆ ನಿನ್ನನ್ನ ಲಿಫ್ಟಪ್ಪ ಅನ್ನೋ ಹಾಗಿಲ್ಲ, ಲಿಫ್ಟ್ ಸಾರ್ ಅನ್ಬೇಕು” ಅಂತ ವಾರವೆಲ್ಲ ಸಲಾಮು ಹೊಡೆದಳು.

ಪರೀಕ್ಷೆ ಚೆನ್ನಾಗಿ ಬರಿ.

ಅಣ್ಣ

•

ಮೇ 3

ಪ್ರೀತಿಯ ಅಣ್ಣನಿಗೆ,

ಎರಡು ತಿಂಗಳಿಗೂ ಮೇಲಾಯಿತು, ನಿನ್ನಿಂದ ಒಂದಕ್ಷರವಿಲ್ಲ. ಫಲಿತಾಂಶ ಬಂದಿದೆ. ಇಡೀ ವಿಭಾಗಕ್ಕೆ ನಾನೇ ಮೊದಲಿಗಳು. ಎರಡನೆಯವಳಿಗೂ ನನಗೂ ನಡುವೆ ನಲವತ್ತೊಂದು ಅಂಕಗಳ ಅಂತರ. ಮೇಡಂ ನನ್ನನ್ನು ಜುಲೈಯಿಂದ ಸಹಾಯಕ ಅಧ್ಯಾಪಕಿಯಾಗಿ ತೆಗೆದುಕೊಳ್ಳುವುದಾಗಿ ಹೇಳಿದ್ದಾರೆ. ಈ ಸುದ್ದಿಯನ್ನು ತಂತಿಯಲ್ಲಿ ಕಳಿಸಿ ಹನ್ನೆರಡು ದಿನಗಳಾದವು.

ನಿನ್ನ ಮೌನಕ್ಕೆ ಕಾರಣ ನನಗೆ ತಿಳಿಯದು ಎಂದುಕೊಳ್ಳಬೇಡ. ನಾನು ನಿನ್ನ ತಪ್ಪುಗಳನ್ನು ಎಣಿಸಿದ್ದು ನಿನಗೆ ಹಿಡಿಸಿಲ್ಲ. ನನ್ನ ಓದಿಗಾಗಿ ನೀನು ಓದು ಬಿಟ್ಟವನು. ಈಗ ನಾನು ನಿನಗೇ ಪಾಠ ಹೇಳುತ್ತೇನೆಂದು ಒಳಗೊಳಗೇ ಕುದಿಯುತ್ತಿದ್ದೀಯ. ಆದರೆ ಅಣ್ಣ, ತಂಗಿ ಗೆದ್ದ ದಿನವಾದರೂ ಮುನಿಸನ್ನು ಬದಿಗಿಡಬಾರದೇ?

ತಂಗಿ

•

ಮೇ 16

ತಂಗೀ,

ತಂತಿ ಬಂತು. ತುಂಬಾ ಸಂತೋಷ. ಅಮ್ಮ ಅತ್ತಳು, ಸಂತೋಷಕ್ಕೇ. ನನಗೆ ಮುನಿಸಿಲ್ಲ. ಕೆಲಸದಲ್ಲಿ ಸ್ವಲ್ಪ ತಾಪತ್ರಯ. ಲಿಫ್ಟ್ ನಿಂತಿದೆ. ರಜೆಗೆ ಈ ಕಡೆ ಬರಬೇಡ, ಅಲ್ಲೇ ಇರು.

ಒಂದು ಕೆಲಸ ಮಾಡು. ಜನವರಿಯಲ್ಲಿ ನಾನು ಕಳಿಸಿದ್ದ ಪೆನ್ಸಿಲ್ ಹಾಳೆ, ಅದರ ಮೇಲೆ ನೀನು ತಿದ್ದಿರಬೇಕಲ್ಲ, ಇನ್ನೂ ಇದ್ರೆ ಹರಿದು ಒಲೆಗೆ ಹಾಕು. ಮರೀಬೇಡ.

ಅಣ್ಣ

•

ಮೇ 24

ಪ್ರೀತಿಯ ಅಣ್ಣನಿಗೆ,

ಅಂತೂ ಬರೆದೆಯಲ್ಲ! ಹಾಳೆಯನ್ನು ಹರಿಯಲಾರೆ. ನಿನ್ನ ಇಂಗ್ಲಿಷಿಗೆ ನೀನೇ ಇಷ್ಟು ನಾಚಿಕೊಳ್ಳುವೆಯೆಂದು ತಿಳಿದಿದ್ದರೆ, ನಡೆದದ್ದನ್ನು ಮುಂಚೆಯೇ ಹೇಳಿಬಿಡುತ್ತಿದ್ದೆ. ಕೋಪಿಸಿಕೊಳ್ಳುವುದಿಲ್ಲ ತಾನೇ? ಆ ಹಾಳೆಯನ್ನು ಹಾಸ್ಟೆಲಿನ ಗೆಳತಿಯರಿಗೆ ಓದಿ ತೋರಿಸಿದೆ. ಅಂದಿನಿಂದ ನಿನ್ನ ‘ಲಿಫ್ಟ್ ನಾಟ್ ಗಿವನ್’ ಇಲ್ಲಿ ಗಾದೆಯಾಗಿಬಿಟ್ಟಿದೆ. ಬೆಳಗ್ಗೆ ಸ್ನಾನದ ಮನೆಯ ಮುಂದೆ ಸಾಲು ನಿಂತರೆ ‘ಬಾತ್‌ರೂಮ್ ನಾಟ್ ಗಿವನ್’. ಅಡುಗೆಯವಳು ಎರಡನೆಯ ಸಲ ಬಡಿಸದಿದ್ದರೆ ‘ರೈಸ್ ನಾಟ್ ಗಿವನ್’. ಪಕ್ಕದ ಕೋಣೆಯವಳಂತೂ, “ನಿಮ್ಮಣ್ಣ ನಮ್ಮ ಪ್ರೊಫೆಸರಿಗಿಂತ ವಾಸಿ ಕಣೇ, ಮೂರೇ ಪದದಲ್ಲಿ ಎಲ್ಲಾ ಹೇಳ್ಬಿಡ್ತಾರೆ” ಎನ್ನುತ್ತಾಳೆ.

ಲಿಫ್ಟ್ ನಿಂತಿದ್ದರೆ ಒಳ್ಳೆಯದೇ ಆಯಿತು. ನೀನು ಕೇಳುತ್ತಿದ್ದ ಟೆಸ್ಟನ್ನು ಈಗ ಮಾಡಬಹುದಲ್ಲ.

ತಂಗಿ

•

ಜೂನ್ 2

ತಂಗೀ,

ಹೇಳಬಾರದು ಅಂತಲೇ ಇದ್ದೆ. ನಿನ್ನ ಕಾಗದ ಓದಿದ ಮೇಲೆ ಹೇಳದೆ ಇರೋಕಾಗಲ್ಲ.

ಏಪ್ರಿಲ್ 14, ಬೆಳಗ್ಗೆ ಹತ್ತೂವರೆ. ಲಿಫ್ಟ್ ನಾಲ್ಕನೇ ಮಹಡಿಯಿಂದ ಬಿತ್ತು. ಮೇಲಿನ ರೋಪಿನ ಕೊಂಡಿ ಕಿತ್ತು ಬಂತು. ಬ್ರೇಕ್ ಕಚ್ಚಲಿಲ್ಲ. ಒಳಗೆ ಹಳೇ ಗ್ರೀಸು ಒಣಗಿ ಕಲ್ಲಾಗಿ ಕೂತಿತ್ತು. ಹೊರಗಿಂದ ಟಾರ್ಚ್ ಬಿಟ್ಟರೆ ಕಾಣೋ ಜಾಗ ಅಲ್ಲ ಅದು, ಟೆಸ್ಟ್ ಮಾಡಿದ್ರೇನೇ ಗೊತ್ತಾಗ್ತಿದ್ದಿದ್ದು.

ಒಳಗೆ ಇಸ್ತ್ರಿಯಕ್ಕ ಒಬ್ಬಳೇ ಇದ್ದಳು. ತಳ್ಳುಗಾಡಿ ತುಂಬ ಬಟ್ಟೆ ಇತ್ತು. ಬಾಗಿಲು ಬಿಡಿಸಿ ಒಳಗೆ ಇಳಿದವನು ನಾನೇ. ಇಷ್ಟು ಸಾಕು, ಉಳಿದಿದ್ದು ನೀನು ಓದೋದು ಬೇಡ.

ವಿಚಾರಣಾ ಮಂಡಳಿ ಜುಲೈ 8ಕ್ಕೆ ಕೂರುತ್ತೆ. ಅವರ ಮೇಜಿನ ಮೇಲಿರೋದು ನನ್ನ ಸಹಿ ಇರೋ ಮೂರು ಹಾಳೆ. ಮೂರರಲ್ಲೂ ‘ಸೇಫ್ಟಿ ಬ್ರೇಕ್ ಟೆಸ್ಟೆಡ್’. ಸೀಟಿ ಹೇಳ್ತಿದ್ದಾರೆ, “ನಾನು ಬರವಣಿಗೆ ನಂಬಿದೆ, ಇವನು ಸುಳ್ಳು ಬರೆದ” ಅಂತ. ಟೆಸ್ಟಿಗೆ ನಾನು ಲಿಫ್ಟ್ ಕೇಳಿದ್ದೇ ಇಲ್ಲ ಅಂತಲೂ ಅಂತಾರೆ. ಲೈಸೆನ್ಸ್ ಹೋಗುತ್ತೆ, ಆಮೇಲೆ ಜೈಲು ಅಂತ ವಕೀಲರು ಹೇಳಿದ್ರು.

ಪೆನ್ಸಿಲ್ ಹಾಳೆ ಹರಿ ಅಂದಿದ್ದು ನಾಚಿಕೆಗಲ್ಲ. ಅದರ ಮೇಲೆ ನಿನ್ನ ಕೆಂಪು ಶಾಯಿ ಇರುತ್ತೆ. ಸಾವಿನ ವಿಚಾರಣೆಯಲ್ಲಿ ನಿನ್ನ ಕೈಬರಹ ಸಿಕ್ಕಿದ್ರೆ ಯಾವ ಕಾಲೇಜೂ ಕೆಲಸ ಕೊಡಲ್ಲ. ನೀನು ಬರೆದೆ, ನಿಜ. ಸಹಿ ಹಾಕಿದೋನು ನಾನು. ಹಾಕುವಾಗ ನನಗೆ ಗೊತ್ತಿತ್ತು. ನೋಡೋದೇ ಬೇರೆ, ಟೆಸ್ಟ್ ಮಾಡೋದೇ ಬೇರೆ ಅಂತ ಕೈಗೆ ಗೊತ್ತಿತ್ತು. ಎಲ್ಲರೆದುರು ಹೊಗಳಿದ್ರಲ್ಲ, ಸುಮ್ಮನಾದೆ.

ಹರಿದು ಹಾಕು. ನಿನ್ನ ದಮ್ಮಯ್ಯ.

ಅಣ್ಣ

•

ಜೂನ್ 10

ಅಣ್ಣ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಹಾಳೆಯನ್ನು ಹರಿದಿಲ್ಲ.

ಜನವರಿಯಲ್ಲಿ ನೀನು ಕೇಳಿದ್ದೆ, ಆ ಎರಡು ಪದ ಒಂದೇನಾ ಎಂದು. ನಾಲ್ಕು ಪುಟ ಬೇಕೆಂದು ಹೇಳಿದ್ದೆನಲ್ಲ, ನಾಲ್ಕು ಸಾಲೂ ಬೇಕಿರಲಿಲ್ಲ. ‘ಚೆಕ್’ ಮಾಡುವವನು ವಸ್ತು ಇರಬೇಕಾದಂತೆ ಇದೆಯೇ ಎಂದು ನೋಡುತ್ತಾನೆ. ವಸ್ತು ಸುಮ್ಮನೆ ಇರುತ್ತದೆ. ‘ಟೆಸ್ಟ್’ ಮಾಡುವವನು ಅದರ ಮೇಲೆ ಭಾರ ಹೇರಿ, ಸೋಲಲು ಅವಕಾಶ ಕೊಟ್ಟು, ಸೋಲುತ್ತದೆಯೇ ಎಂದು ಕಾಯುತ್ತಾನೆ. ಬಾಗಿಲಿಗೆ ಬೀಗ ಹಾಕಿದೆಯೇ ಎಂದು ಚೆಕ್ ಮಾಡುತ್ತೇವೆ. ಬೀಗ ಕಳ್ಳನ ಏಟಿಗೆ ತಡೆಯುತ್ತದೆಯೇ ಎಂದು ಟೆಸ್ಟ್ ಮಾಡುತ್ತೇವೆ. ಇದನ್ನು ನಾನು ಮೊದಲ ವರ್ಷದಲ್ಲಿಯೇ ಬಲ್ಲೆ. ನೀನೂ ಬಲ್ಲವನಾಗಿದ್ದೆ, ಮರಳಿನ ಚೀಲದ ಮಾತಿನಲ್ಲಿ ನನಗಿಂತ ಚೆನ್ನಾಗಿ ಬರೆದಿದ್ದೆ. ನಾನು ಅದನ್ನು ಓದಿದೆ, ನನಗೆ ಅರ್ಥವಾಯಿತು, ಆದರೂ ‘ನಿನ್ನ ಹಾಳೆಗೆ ಅಷ್ಟು ಸೂಕ್ಷ್ಮ ಬೇಡ’ ಎಂದೆ. ಅಜ್ಞಾನದಿಂದ ಆದ ತಪ್ಪಾಗಿದ್ದರೆ ಅಳಬಹುದಿತ್ತು.

ನೀನು ಸತ್ಯ ಬರೆದಿದ್ದೆ, ಅಣ್ಣ. ನಾನು ಅದನ್ನು ಸುಂದರ ಮಾಡಿದೆ. ಆಮೇಲೆ ಆ ಸತ್ಯವನ್ನು ಹಾಸ್ಟೆಲಿನಲ್ಲಿ ಓದಿ ನಕ್ಕೆ. ಇಸ್ತ್ರಿಯಕ್ಕ ತೀರಿಕೊಂಡು ನಲವತ್ತು ದಿನ ಕಳೆದ ಮೇಲೂ ನಾವು ಇಲ್ಲಿ ಅದನ್ನೇ ಹೇಳಿ ನಗುತ್ತಿದ್ದೆವು.

ಜುಲೈ 8ಕ್ಕೆ ಹಾಳೆಯನ್ನು ತೆಗೆದುಕೊಂಡು ಬರುತ್ತೇನೆ. ಲಿಫ್ಟ್ ಬಿಟ್ಟುಕೊಡಲಿಲ್ಲವೆಂದು ನೀನು ಡಿಸೆಂಬರಿನ ವರದಿಯಲ್ಲಿಯೇ ಬರೆದಿದ್ದೆ ಎಂಬುದಕ್ಕೆ ಅದೊಂದೇ ಸಾಕ್ಷಿ. ನೀನು ಬೇಡವೆಂದರೂ ಬರುತ್ತೇನೆ. ಕೆಲಸದ ಮಾತು ಎತ್ತಬೇಡ.

ತಂಗಿ

•

ಜುಲೈ 15

ತಂಗೀ,

ಬಸ್ಸಿಗೆ ಹೊತ್ತಾಯ್ತು ಅಂತ ನೀನು ಹೊರಟೆ. ಎದುರಿಗೆ ಹೇಳೋಕೆ ಬಾಯಿ ಬರಲಿಲ್ಲ, ಅದಕ್ಕೇ ಬರೀತಿದ್ದೀನಿ.

ಮಂಡಳಿಯ ತೀರ್ಮಾನ ನಿನ್ನೆ ಬಂತು. ನನ್ನ ಲೈಸೆನ್ಸ್ ಶಾಶ್ವತವಾಗಿ ರದ್ದು. ನೀನು ತಂದ ಹಾಳೆಯಿಂದ ಸೀಟಿ ಹೆಸರೂ ಆಸ್ಪತ್ರೆಯ ಆಡಳಿತಾಧಿಕಾರಿ ಹೆಸರೂ ಸೇರ್ಕೊಂಡಿವೆ. ಮೂರು ಜನರ ಮೇಲೂ ಕೋರ್ಟಿನಲ್ಲಿ ಕೇಸು. ನಾನು ತಪ್ಪು ಒಪ್ಕೋತೀನಿ ಅಂತ ವಕೀಲರಿಗೆ ಹೇಳಿಬಿಟ್ಟಿದ್ದೀನಿ. ನನ್ನೊಬ್ಬನ ಕುತ್ತಿಗೆಗೆ ಬರಬೇಕಾಗಿದ್ದನ್ನ ನೀನು ತಡೆದೆ. ಅದು ನಿಜ, ಅದನ್ನ ಮರೆಯಲ್ಲ.

ಆದ್ರೆ ಒಂದು ಮಾತು. ನೀನು ಅರ್ಧ ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದೆ. ತಡವರಿಸಲಿಲ್ಲ. ಅಧ್ಯಕ್ಷರು ಪೆನ್ನು ಕೆಳಗಿಟ್ಟು ಕೇಳಿದರು, ಕೊನೆಗೆ ಎಲ್ಲಿ ಓದಿದ್ದು ಅಂತಲೂ ವಿಚಾರಿಸಿದರು. ನನ್ನ ಹಿಂದಿನ ಬೆಂಚಿನಲ್ಲಿ ಇಸ್ತ್ರಿಯಕ್ಕನ ಮಗಳು ಕೂತಿದ್ದಳು, ನೀನು ನೋಡಲಿಲ್ಲ. ಅವಳು ಬಗ್ಗಿ ನನ್ನ ಕಿವೀಲಿ, “ಅಣ್ಣಾ, ಅವರು ಏನು ಹೇಳ್ತಿದ್ದಾರೆ? ನಮ್ಮಮ್ಮನ ವಿಷಯಾನಾ?” ಅಂತ ಕೇಳಿದಳು.

ನನಗೂ ಪೂರ್ತಿ ತಿಳೀಲಿಲ್ಲ. “ಎರಡು ಪದದ ವಿಷಯಮ್ಮ” ಅಂದೆ.

ಅವಳು ಮತ್ತೆ ಹಿಂದಕ್ಕೆ ಒರಗಿದಳು. ನಿನ್ನ ಬಾಯನ್ನೇ ನೋಡ್ತಿದ್ದಳು.

ಅಣ್ಣ

•

ನವೆಂಬರ್ 21

ಅಣ್ಣ,

ನಿನ್ನನ್ನು ಒಳಗೆ ಕರೆದುಕೊಂಡು ಹೋಗಿ ಹದಿನೇಳು ದಿನಗಳಾದವು. ಒಂದು ವರ್ಷವೆಂದು ನ್ಯಾಯಾಧೀಶರು ಓದಿದಾಗ ಅಮ್ಮ ನನ್ನ ಕೈಯನ್ನು ಹಿಡಿದಿರಲಿಲ್ಲ, ಬೆಂಚಿನ ಅಂಚನ್ನು ಹಿಡಿದಿದ್ದಳು. ಈಗ ಮಾತನಾಡುತ್ತಾಳೆ, ಆದರೆ ಅಡುಗೆಯ ವಿಷಯ ಮಾತ್ರ. ಸಹಾಯಕ ಅಧ್ಯಾಪಕಿಯ ಕೆಲಸವನ್ನು ಕಾಲೇಜು ಹಿಂತೆಗೆದುಕೊಂಡಿತು. ನೀನು ಹೇಳಿದ್ದೇ ಆಯಿತು. ಅದಕ್ಕಾಗಿ ನೀನು ಮರುಗಬೇಡ. ನಾನು ಮನೆಯಲ್ಲಿಯೇ ಇದ್ದೇನೆ.

ಜುಲೈಯ ನಿನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಬರೆದು ತೀರಿಸುವಂಥದ್ದಾಗಿರಲಿಲ್ಲ ಅದು. ನಾಲ್ಕು ತಿಂಗಳು ಧೈರ್ಯ ಬರಲಿಲ್ಲ. ನಿನ್ನೆ ಹೋದೆ.

ಇಸ್ತ್ರಿಯಕ್ಕನ ಮಗಳಿಗೆ ಆಸ್ಪತ್ರೆಯವರು ತಾಯಿಯ ಕೆಲಸವನ್ನೇ ಕೊಟ್ಟಿದ್ದಾರೆ. ನೆಲಮಾಳಿಗೆಯ ಇಸ್ತ್ರಿ ಕೋಣೆ. ಗೋಡೆಯ ಉದ್ದಕ್ಕೂ ಮಡಿಚಿದ ಹಾಸಿಗೆ ಬಟ್ಟೆಗಳು, ಕಿಟಕಿಯಿಲ್ಲ, ಹಬೆ ಮಾತ್ರ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ನಾನು ಯಾರೆಂದು ಹೇಳಿದೆ. “ಗೊತ್ತು. ಕೂತ್ಕೊಳ್ಳೋಕೆ ಜಾಗ ಇಲ್ಲ, ನಿಂತೇ ಹೇಳಿ” ಎಂದಳು. ಕೈ ನಿಲ್ಲಿಸಲಿಲ್ಲ.

ನಮ್ಮ ಭಾಷೆಯಲ್ಲಿ ಹೇಳಿದೆ. ಒಂದು ವಾಕ್ಯವನ್ನೂ ಮೊದಲೇ ಕಟ್ಟಿಕೊಂಡು ಹೋಗಿರಲಿಲ್ಲ. ಅಣ್ಣ ಬ್ರೇಕನ್ನು ಬರೀ ನೋಡಿದ್ದ, ಪರೀಕ್ಷಿಸಿರಲಿಲ್ಲ, ಹಾಗೆಂದೇ ಬರೆದಿದ್ದ. ನಾನು ಅದನ್ನು ಹೊಡೆದುಹಾಕಿ ಪರೀಕ್ಷಿಸಿದ್ದಾನೆಂದು ಬರೆದೆ. ಕೇಳಲು ಚೆನ್ನಾಗಿರಲಿ ಎಂದು ಬರೆದೆ. ಅವನು ಮತ್ತೆ ಕೇಳಿದಾಗಲೂ ಇರಲಿ ಎಂದೆ. ಎಷ್ಟು ಚಿಕ್ಕದಾಗಿತ್ತು, ಅಣ್ಣ! ಮಂಡಳಿಯ ಎದುರು ಅರ್ಧ ಗಂಟೆ ಹಿಡಿದದ್ದು ಇಲ್ಲಿ ಒಂದು ದಿಂಬಿನ ಚೀಲ ಇಸ್ತ್ರಿಯಾಗುವುದರೊಳಗೆ ಮುಗಿದುಹೋಯಿತು.

ಅವಳು ಬಯ್ಯಲಿಲ್ಲ. ಬೈಸಿಕೊಳ್ಳಲೆಂದೇ ಹೋಗಿದ್ದೆನೆಂದು ಆಗ ನನಗೆ ತಿಳಿಯಿತು. ದಿಂಬಿನ ಚೀಲವನ್ನು ಮಡಿಚಿ ಇಟ್ಟು, ಇನ್ನೊಂದನ್ನು ಎತ್ತಿಕೊಂಡು, “ಲಿಫ್ಟ್ ಬಿಟ್ಟುಕೊಟ್ಟಿದ್ರೆ ಆ ಪರೀಕ್ಷೆಗೆ ಎಷ್ಟು ಹೊತ್ತು ಹಿಡೀತಿತ್ತು?” ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ.

“ಗೊತ್ತಿಲ್ವಾ?” ಎಂದಳು. ಇಸ್ತ್ರಿಪೆಟ್ಟಿಗೆ ಮೊದಲ ಸಲ ನಿಂತಿತು. “ಅಷ್ಟೆಲ್ಲಾ ಗೊತ್ತು, ಇದು ಗೊತ್ತಿಲ್ವಾ? ಒಂದು ಗಂಟೇನಾ, ಒಂದು ದಿನಾನಾ? ನಮ್ಮಮ್ಮ ಅಷ್ಟು ಹೊತ್ತು ಮೆಟ್ಟಿಲು ಹತ್ತೋಳು. ಬೈಕೊಂಡು ಹತ್ತೋಳು, ಆದ್ರೆ ಹತ್ತೋಳು. ಕೇಳ್ಕೊಂಡು ಬನ್ನಿ.”

ಹನ್ನೆರಡು ವರ್ಷ ನೀನು ಆ ಕೆಲಸ ಮಾಡಿದೆ. ನಿನ್ನ ಪತ್ರಗಳ ತಪ್ಪುಗಳನ್ನು ನಾನು ಎಣಿಸಿದ್ದೇನೆ. ನಿನ್ನ ಕೆಲಸದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ಮರಳಿನ ಚೀಲ ತುಂಬುವುದರಿಂದ ಹಿಡಿದು ಲಿಫ್ಟನ್ನು ಮತ್ತೆ ಚಾಲೂ ಮಾಡುವವರೆಗೆ, ಎಷ್ಟು ಹೊತ್ತು ಬೇಕಿತ್ತು? ನಿನಗೆ ಬರುವ ಹಾಗೆ ಬರೆ. ನಾನು ತಿದ್ದುವುದಿಲ್ಲ, ನೀನು ಬರೆದದ್ದನ್ನೇ ಅವಳಿಗೆ ಓದಿ ಹೇಳುತ್ತೇನೆ.

ತಂಗಿ